ಕೊನೆಯ ನಿಲ್ದಾಣದ ಸಂಸಾರ

ಈ ಕಥೆಯನ್ನು ಮೊದಲು ಹೇಳಿದವನು ಪೇಟೆಬೀದಿಯ ದರ್ಜಿ. ಹಳೆಯ ಕರೆಂಟು ರೈಲುಗಳನ್ನು ಗುಜರಿಗೆ ಎಳೆದೊಯ್ದ ಮರುವರ್ಷ, ಬೇಸಿಗೆಯ ಒಂದು ಸಂಜೆ, ಹೊಸ ಗಾಡಿ ಎಲ್ಲೋ ನಡುದಾರಿಯಲ್ಲಿ ಕೆಟ್ಟು ನಿಂತಿದೆಯೆಂಬ ಸುದ್ದಿ ಬಂದಾಗ, ಪ್ಲಾಟ್‌ಫಾರಂನ ಕಲ್ಲುಬೆಂಚಿನ ಮೇಲೆ ಕುಳಿತು, ಕಾಯುತ್ತಿದ್ದ ಜನರ ಮುಂದೆ ಅವನು ಇದನ್ನು ಹೇಳಿದ. ಅನಂತರ ಔಷಧದಂಗಡಿಯವನ ಬಾಯಲ್ಲೂ ಕೇಳಿ ಬರೆದುಕೊಂಡಿದ್ದೇನೆ. ಎರಡು ಪಾಠಗಳಿಗೂ ಅಲ್ಲಲ್ಲಿ ವ್ಯತ್ಯಾಸವುಂಟು. ಔಷಧದಂಗಡಿಯವನ ಪಾಠದಲ್ಲಿ ಕಥಾನಾಯಕರು ಬೋಳುತಲೆಯವರು. ದರ್ಜಿಯ ಪಾಠದಲ್ಲಿ ತಲೆತುಂಬ ಕೂದಲಿನವರು. ದರ್ಜಿ ಅವರೊಂದಿಗೆ ಒಂದೇ ಬೆಂಚಿನಲ್ಲಿ ವರ್ಷಗಟ್ಟಲೆ ಪಯಣಿಸಿದವನಾದ್ದರಿಂದ ಅವನ ಪಾಠವನ್ನೇ ಮುಖ್ಯವಾಗಿ ಹಿಡಿದಿದ್ದೇನೆ. ತಲೆಯ ಹೊರಗಿನ ವಿಷಯ ಓದುಗರ ವಿವೇಚನೆಗೆ ಬಿಟ್ಟದ್ದು. ಒಳಗೆ ಏನಿತ್ತೆಂಬುದರಲ್ಲಿ ಎರಡು ಪಾಠಗಳಿಗೂ ಭಿನ್ನಾಭಿಪ್ರಾಯವಿಲ್ಲ.

ಕಥಾನಾಯಕರು ನೀರು ಸರಬರಾಜು ಕಚೇರಿಯಲ್ಲಿ ಮೀಟರು ವಿಭಾಗದ ಗುಮಾಸ್ತರು. ಆದರೆ ಕಚೇರಿಯ ಹೊರಗೆ ಯಾರೂ ಅವರನ್ನು ಗುಮಾಸ್ತರೆಂದು ಕರೆದದ್ದಿಲ್ಲ. ನಿತ್ಯ ಪ್ರಯಾಣಿಕರ ಸಂಘಕ್ಕೆ ಅವರು ಕಾರ್ಯದರ್ಶಿ. ಹಾಗಾಗಿ ಬೀದಿಯವರಿಗೆ, ಬಂಧುಗಳಿಗೆ, ಹಾಲಿನವನಿಗೆ ಕೂಡ ಅವರು ‘ಕಾರ್ಯದರ್ಶಿಗಳು’. ಸಂಘಕ್ಕೆ ಅಧ್ಯಕ್ಷರೂ ಇದ್ದರೇ ಎಂದು ದರ್ಜಿಯನ್ನು ಕೇಳಿದೆ.

“ಇದ್ರೇನೋ. ಇವರು ಬಾಯಿ ಮುಚ್ಚಿದ್ರೆ ತಾನೆ ಅವರ ದನಿ ಕೇಳೋದು?” ಎಂದ.

ಹಳೆಯ ಗಾಡಿಗಳನ್ನು ತೊಲಗಿಸುವುದೇ ಕಾರ್ಯದರ್ಶಿಗಳ ಜೀವನದ ಗುರಿಯಾಗಿತ್ತು. ನ್ಯಾಯವಾಗಿ ನೋಡಿದರೆ ಆ ಗಾಡಿಗಳಿಗೆ ವಯಸ್ಸಾಗಿತ್ತು. ಸೀಟಿನಡಿಯ ಗಾಳಿಯಂತ್ರ ಉಬ್ಬಸದ ರೋಗಿಯಂತೆ ಕೆಮ್ಮುತ್ತಿತ್ತು. ಚಾವಣಿಯ ಫ್ಯಾನು ತಿರುಗಬೇಕಾದರೆ ಯಾರಾದರೂ ಬಾಚಣಿಗೆಯಿಂದ ಅದರ ರೆಕ್ಕೆಯನ್ನು ತಿವಿಯಬೇಕಿತ್ತು. ಕಾರ್ಯದರ್ಶಿಗಳ ನಿಲ್ದಾಣಕ್ಕೆ ಮುನ್ನ ಹಳಿ ಒಮ್ಮೆ ಸೊಂಟ ತಿರುಗಿಸುತ್ತದೆ. ಆ ತಿರುವಿನಲ್ಲಿ, ಕೊಂಡಿ ಸವೆದುಹೋಗಿದ್ದ ಕಿಟಕಿಯ ತಗಡು ಪ್ರತಿ ಸಂಜೆಯೂ ತಪ್ಪದೆ ಜಾರಿ, ಕಿಟಕಿಯಂಚಿನಲ್ಲಿಟ್ಟ ಅವರ ಮೊಣಕೈಗೆ ದಬ್ಬನೆ ಬಡಿಯುತ್ತಿತ್ತು. ಅವರು ಎಚ್ಚರಾಗಿ, ಚೀಲ ಹೆಗಲಿಗೇರಿಸಿ, ಗಂಭೀರವಾಗಿ ಇಳಿದು ಹೋಗುತ್ತಿದ್ದರು.

ಹೌದು, ಅಲ್ಲಿಯವರೆಗೆ ಅವರು ನಿದ್ರಿಸುತ್ತಿದ್ದರು. ಕೂತ ಕೂಡಲೇ ನಿದ್ದೆ, ಇಳಿಯುವ ಮುನ್ನ ಎಚ್ಚರ. ಆದರೆ ಆ ಎಚ್ಚರದ ಕೀರ್ತಿಯನ್ನು ಅವರು ತಗಡಿಗೆ ಕೊಡಲಿಲ್ಲ. ಇಡಿಯಾಗಿ ತಾವೇ ಇಟ್ಟುಕೊಂಡರು.

“ನಿದ್ದೆ ಅನ್ನೋದು ಮನೆಯ ಆಳಿದ್ದ ಹಾಗೆ ಕಣ್ರಯ್ಯಾ,” ಎಂದು ಬೆಂಚಿನವರಿಗೆ ಉಪದೇಶಿಸುತ್ತಿದ್ದರು. “ಬಾ ಅಂದ್ರೆ ಬರಬೇಕು, ಹೋಗು ಅಂದ್ರೆ ಹೋಗಬೇಕು. ನನ್ನ ನಿದ್ದೆ ನೋಡಿ, ಸ್ಟೇಷನ್ ಬಂತು ಅಂದ್ರೆ ತಾನೇ ಕೈಕಟ್ಟಿ ದೂರ ನಿಲ್ಲುತ್ತೆ.”

“ಮೊಣಕೈ ಊದಿದೆಯಲ್ಲ ಸಾರ್?” ಎಂದು ದರ್ಜಿ ಕೇಳುತ್ತಿದ್ದ.

“ಅದು ವಾತ.”

ನಿದ್ದೆ ಆಳಿದ್ದ ಹಾಗೆ ಎಂಬ ಮಾತನ್ನು ಮನೆಯಲ್ಲಿ ಹೆಂಡತಿಗೂ ಹೇಳಿದ್ದರು. ಬೀದಿಯಲ್ಲಿ ಹಗಲು ತೂಕಡಿಸುವ ಎಲ್ಲರಿಗೂ ಹೇಳಿದ್ದರು. ಮನೆಗೆ ಬಂದ ನೆಂಟರು ಊಟವಾದ ಮೇಲೆ ಒಮ್ಮೆ ಆಕಳಿಸಿದರೆ ಸಾಕು, ನಿದ್ರಾನಿಗ್ರಹದ ಉಪನ್ಯಾಸ ಆರಂಭವಾಗುತ್ತಿತ್ತು. ನೆಂಟರು ಆ ಉಪನ್ಯಾಸದಲ್ಲೇ ನಿದ್ದೆ ಹೋಗುತ್ತಿದ್ದರೆಂದು ಔಷಧದಂಗಡಿಯವನ ಪಾಠದಲ್ಲಿದೆ.

ಕೊನೆಗೂ ಹಳೆಯ ಗಾಡಿಗಳ ನಿವೃತ್ತಿಯ ದಿನ ಬಂದಿತು. ಪ್ಲಾಟ್‌ಫಾರಂನಲ್ಲಿ ಕುರ್ಚಿಯೊಂದನ್ನು ಏರಿ ನಿಂತ ಕಾರ್ಯದರ್ಶಿಗಳು, “ಇನ್ನು ಅಲುಗಾಟವಿಲ್ಲ! ಸದ್ದಿಲ್ಲ! ಏಟಿಲ್ಲ! ತಾಯಿಯ ಮಡಿಲಲ್ಲಿ ಮಲಗಿದ ಹಾಗೆ ಪಯಣ!” ಎಂದು ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ಹಳೆಯ ಗಾಡಿ ಕೆಮ್ಮುತ್ತ, ತಗಡು ಬಡಿಯುತ್ತ, ಯಾರ ಮೇಲೂ ದೂರು ಹೇಳದೆ ಗುಜರಿ ಅಂಗಳದ ಕಡೆಗೆ ಹೊರಟುಹೋಯಿತು.

ಹೊಸ ಗಾಡಿ ಅವರ ಭಾಷಣವನ್ನು ಅಕ್ಷರಶಃ ಪಾಲಿಸಿತು. ಒಳಗೆ ತಂಪು ಗಾಳಿ. ಬಾಗಿಲು ನಿಟ್ಟುಸಿರಿನಂತೆ ಮುಚ್ಚಿಕೊಳ್ಳುತ್ತದೆ. ಮುಂದಿನ ನಿಲ್ದಾಣ ಯಾವುದೆಂದು ಹೆಣ್ಣುದನಿಯೊಂದು, ಮಲಗಿದ ಮಗು ಎದ್ದೀತೆಂಬ ಅಳುಕಿನಲ್ಲಿ ಹೇಳಿದಂತೆ ಮೆಲ್ಲಗೆ ಹೇಳುತ್ತದೆ. ಮೊದಲ ಸಂಜೆ ಕಾರ್ಯದರ್ಶಿಗಳು ಕೂತರು. ಕಣ್ಣು ಮುಚ್ಚಿದರು. ತೆರೆದಾಗ ಎದುರಿಗೆ ನೆಲ ಒರೆಸುವ ಕೋಲು ಹಿಡಿದ ಹೆಂಗಸೊಬ್ಬಳು ನಿಂತಿದ್ದಳು.

“ಯಜಮಾನ್ರೇ, ಏಳಿ. ಕೊನೇ ಸ್ಟೇಷನ್ನು. ಗಾಡಿ ಶೆಡ್ಡಿಗೆ ಹೋಗುತ್ತೆ.”

“ಬಿಡಮ್ಮಾ, ಇನ್ನೊಂದು ಗಳಿಗೆ,” ಎಂದರು ಕಾರ್ಯದರ್ಶಿಗಳು, ಅರೆಗಣ್ಣಿನಲ್ಲಿ.

“ಗಳಿಗೆ ಅಂತೆ! ಕಾಲಾದ್ರೂ ಎತ್ತಿ, ಒರೆಸ್ತೀನಿ.”

ಅವರು ಹಿಂದಿರುಗುವ ಗಾಡಿ ಹಿಡಿದು, ಎದುರು ಪ್ಲಾಟ್‌ಫಾರಂನಲ್ಲಿ ಇಳಿದು, ಮೇಲ್ಸೇತುವೆ ದಾಟಿ ಮನೆ ಸೇರುವ ಹೊತ್ತಿಗೆ ಊಟ ಆರಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದರು.

“ಯಾಕ್ರೀ ಇಷ್ಟು ಹೊತ್ತು?”

‘ನಿದ್ದೆ ಬಂದುಬಿಟ್ಟಿತು’ ಎಂಬ ಎರಡು ಪದಗಳನ್ನು ಆಗಲೇ ಹೇಳಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಇದನ್ನು ಸಂಗ್ರಹಿಸುವ ಶ್ರಮವೂ ನನಗಿರುತ್ತಿರಲಿಲ್ಲ. ಅವರು ಹೇಳಿದ್ದು: “ಆಫೀಸಲ್ಲಿ ಮೀಟಿಂಗು.”

ಮರುದಿನವೂ ಮೀಟಿಂಗು. ಅದರ ಮರುದಿನ ದೊಡ್ಡ ಮೀಟಿಂಗು. ನೀರಿನ ಮೀಟರಿನ ಬಗ್ಗೆ ಪ್ರತಿ ಸಂಜೆ ಚರ್ಚಿಸುವಂಥದ್ದು ಏನಿದೆಯೆಂದು ಹೆಂಡತಿ ಕೇಳಿದಾಗ, “ನಿನಗೆ ಅರ್ಥವಾಗಲ್ಲ, ಒತ್ತಡದ ಪ್ರಶ್ನೆ,” ಎಂದರು.

ಎಚ್ಚರವಿರಲು ಅವರು ಪ್ರಯತ್ನಿಸಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ನಿಂತುಕೊಂಡೇ ಹೋದರು, ಹಿಡಿಕೆಗೆ ಜೋತುಬಿದ್ದು, ಒಣಗಲು ಹಾಕಿದ ಅಂಗಿಯಂತೆ ತೂಗಾಡುತ್ತ ನಿದ್ರಿಸಿದರು. ಪಕ್ಕದವನನ್ನು, “ನನ್ನ ಸ್ಟೇಷನ್ ಬಂದಾಗ ಸ್ವಲ್ಪ ಎಬ್ಬಿಸ್ತೀರಾ?” ಎಂದು ಕೇಳಿಕೊಂಡರು. ಅವನು ಧಾರಾಳವಾಗಿ ತಲೆಯಾಡಿಸಿದ. ಅವನ ಎರಡು ಕಿವಿಯಲ್ಲೂ ಹಾಡು ಕೇಳುವ ಇಯರ್‌ಫೋನಿನ ತುಂಡುಗಳಿದ್ದವೆಂದೂ, ಅವನು ತಲೆಯಾಡಿಸಿದ್ದು ತಾಳಕ್ಕೆಂದೂ ಕೊನೆಯ ನಿಲ್ದಾಣದಲ್ಲಿ ತಿಳಿಯಿತು. ಇನ್ನೊಮ್ಮೆ ಮನೆಯ ಅಲಾರಂ ಗಡಿಯಾರವನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟರು. ಅದು ಟಿಕ್‌ ಟಿಕ್‌ ಎನ್ನುವುದನ್ನು ಕೇಳಿದ ಮುದುಕಿಯೊಬ್ಬಳು ಕಿರುಚಿದಳು; ಗಾಡಿಯ ಡಬ್ಬಿಯೆಲ್ಲ ಖಾಲಿಯಾಯಿತು; ಕಾವಲಿನವರು ಉದ್ದನೆಯ ಕೋಲಿನಿಂದ ಚೀಲವನ್ನು ಎಳೆದರು. ಗಡಿಯಾರ ಬಾರಿಸಿತು. ಕಾವಲಿನವರು ನೆಲಕ್ಕೆ ಬಿದ್ದರು. ಕಾರ್ಯದರ್ಶಿಗಳು ಏಳಲಿಲ್ಲ.

ಕೊನೆಗೆ ಅವರು ಮರ್ಯಾದೆ ಬಿಟ್ಟು, ಮಧ್ಯಾಹ್ನದ ರಜೆ ಹಾಕಿ, ಯಾರಿಗೂ ಹೇಳದೆ ರೈಲ್ವೆಯ ದೂರು ಅಧಿಕಾರಿಯ ಬಳಿ ಹೋದರು. ಅಧಿಕಾರಿ ಅವರನ್ನು ನೋಡಿದ್ದೇ ಕನ್ನಡಕ ತೆಗೆದು, ಕಣ್ಣು ಉಜ್ಜಿಕೊಂಡು, ಮತ್ತೆ ಹಾಕಿಕೊಂಡರು. ವರ್ಷಗಟ್ಟಲೆ ಇವರ ದೂರುಗಳಿಗೆ ಉತ್ತರ ಬರೆದು ಅವರ ಕೂದಲು ನೆರೆತಿತ್ತು.

“ಬನ್ನಿ ಕಾರ್ಯದರ್ಶಿಗಳೇ. ಈಗ ಖುಷಿ ತಾನೆ?”

“ಒಂದು ಸಣ್ಣ ವಿಷಯ ಇತ್ತು. ಹೊಸ ಗಾಡಿ ಸದ್ದು ಮಾಡ್ತಾ ಇಲ್ಲ.”

“ಮಾಡಬಾರದು ಅಂತ ತಾನೆ ತಂದದ್ದು?”

“ಅದು ಸರಿ. ಅಲುಗಾಡ್ತಾನೂ ಇಲ್ಲ.”

ಅಧಿಕಾರಿ ಕಪಾಟಿನಲ್ಲಿದ್ದ ಹಳೆಯ ದೂರುಗಳ ಕಡತದತ್ತ ಬೆರಳು ತೋರಿಸಿದರು. “ಅಲುಗಾಡುತ್ತೆ ಅಂತ ದೂರು ಕೊಟ್ಟೋರು ಯಾರು?”

“ನಾನೇ. ಒಪ್ಪಿದೆ. ನಾನು ಕೇಳ್ತಿರೋದು ಎಲ್ಲಾ ಕಡೆ ಅಲುಗಾಡಲಿ ಅಂತಲ್ಲ ಸಾರ್. ನನ್ನ ಸ್ಟೇಷನ್ನಿಗೆ ಮುಂಚೆ, ಆ ತಿರುವಲ್ಲಿ, ಒಂದೇ ಒಂದು ಸಲ. ಸಾರ್ವಜನಿಕರ ಹಿತದೃಷ್ಟಿಯಿಂದ.”

“ನಿಮಗೆ ನಿದ್ದೆ ಬರುತ್ತಾ?”

“ಛೆ ಛೆ! ನನಗಲ್ಲ! ಸಂಘದ ಕೆಲವು ದುರ್ಬಲ ಸದಸ್ಯರಿಗೆ.”

“ಆ ದುರ್ಬಲ ಸದಸ್ಯರಿಗೆ ಹೇಳಿ,” ಎಂದರು ಅಧಿಕಾರಿ, ಗಂಟೆ ಒತ್ತಿ ಜವಾನನನ್ನು ಕರೆಯುತ್ತ, “ಹಳೇ ಗಾಡೀನ ತುಂಡು ತುಂಡು ಮಾಡಿ ಮಾರಿದ್ದಾಯ್ತು. ಇನ್ನು ನನ್ನ ಪ್ರಾಣ ಒಂದು ಉಳಿದಿದೆ, ಅದನ್ನಾದ್ರೂ ಬಿಡಿ ಅಂತ.”

ಅಷ್ಟರಲ್ಲಿ ಮನೆಯ ಕಡೆ ವಿಷಯ ಬೇರೆಯೇ ಬಣ್ಣ ಪಡೆದಿತ್ತು. ಇದಕ್ಕೆ ಮೂಲಕಾರಣ ಮಹಡಿಯಲ್ಲಿದ್ದ ಮೇಲ್ಮನೆಯಾಕೆ. ಆಕೆಯ ಬಾಲ್ಕನಿಯಿಂದ ಮೇಲ್ಸೇತುವೆ ಕಾಣುತ್ತದೆ. ಬಾಲ್ಕನಿ ಇರುವುದು ಬಟ್ಟೆ ಒಣಗಿಸಲು ಎಂಬ ತಪ್ಪು ಕಲ್ಪನೆ ಆಕೆಗೆಂದೂ ಇರಲಿಲ್ಲ.

“ಹೇಳಬಾರದು ಅಂತಲೇ ಇದ್ದೆ ಕಣ್ರೀ,” ಎಂದು ಒಂದು ಮಧ್ಯಾಹ್ನ ಕಾರ್ಯದರ್ಶಿಗಳ ಹೆಂಡತಿಯ ಅಡುಗೆಮನೆಯಲ್ಲಿ ಕೂತು ಹೇಳಿದರು. “ನಿಮ್ಮೆಜಮಾನ್ರು ದಿನಾ ಆ ಕಡೆ ಪ್ಲಾಟ್‌ಫಾರಮ್ಮಿಂದ ಬರ್ತಾರೆ. ಆಫೀಸಿರೋದು ಈ ಕಡೆ ತಾನೆ? ಆ ಕಡೆ ಯಾರಿದ್ದಾರೆ?”

ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. ಹಾಗೆ ಇಟ್ಟ ಮೇಲೆ ಅವರಿಗೆ ಒಂದೊಂದೇ ನೆನಪಾಗತೊಡಗಿತು. ಗಂಡನ ಅಂಗಿಯಿಂದ ಈಚೆಗೆ ನಿಂಬೆಯ ಪರಿಮಳ ಬರುತ್ತಿದೆ. ಬೆಳಗ್ಗೆ ಕೆಸರು ಮೆತ್ತಿಕೊಂಡು ಹೋದ ಷೂಗಳು ಸಂಜೆ ಮಿರಮಿರ ಮಿಂಚುತ್ತ ಮರಳುತ್ತಿವೆ. ಎಲ್ಲಕ್ಕಿಂತ ಹೆಚ್ಚಾಗಿ, ಕಳೆದ ಭಾನುವಾರ ಮಧ್ಯಾಹ್ನ ಮಲಗಿದ್ದಾಗ ಭುಜ ಮುಟ್ಟಿದ್ದಕ್ಕೆ, ಹಿಂದೆಂದೂ ಕೇಳಿರದ ಮೃದು ದನಿಯಲ್ಲಿ, “ಬಿಡಮ್ಮಾ, ಇನ್ನೊಂದು ಗಳಿಗೆ ಇದ್ದು ಹೋಗ್ತೀನಿ,” ಎಂದಿದ್ದಾರೆ.

“ಹೋಗ್ತೀನಿ ಅಂದ್ರು!” ಎಂದರು ಹೆಂಡತಿ. “ಸ್ವಂತ ಮನೇಲಿ ಮಲಗಿ, ಹೋಗ್ತೀನಿ ಅಂದ್ರು!”

“ಷೂ ಕೂಡ ಒರೆಸ್ತಾಳೆ ಅಂದ್ರೆ,” ಎಂದರು ಮೇಲ್ಮನೆಯಾಕೆ ಗಲ್ಲಕ್ಕೆ ಬೆರಳಿಟ್ಟು, “ಬಹಳ ದಿನದ್ದೇ ಇರಬೇಕು.”

ಹೆಂಡತಿಯ ಅಣ್ಣನಿಗೆ ಫೋನು ಹೋಯಿತು. ಆತ ಕೋರ್ಟಿನಲ್ಲಿ ಬೆಂಚ್ ಗುಮಾಸ್ತರಾಗಿದ್ದು ನಿವೃತ್ತರಾದವರು. ಜೀವನವಿಡೀ ನ್ಯಾಯಾಧೀಶರ ಕೆಳಗೆ ಕೂತಿದ್ದರಿಂದ ಒಮ್ಮೆಯಾದರೂ ಮೇಲೆ ಕೂರಬೇಕೆಂಬ ಆಸೆ ಅವರಲ್ಲಿ ಉಳಿದಿತ್ತು. ಬಂದವರೇ ನಡುಮನೆಯ ಎತ್ತರದ ಕುರ್ಚಿ ಹಿಡಿದರು. ಕಾರ್ಯದರ್ಶಿಗಳು ಎಂದಿನಂತೆ ತಡವಾಗಿ, ಎಂದಿನಂತೆ ಮಿಂಚುವ ಷೂಗಳಲ್ಲಿ ಒಳಗೆ ಬಂದರು.

“ಕಾರ್ಯದರ್ಶಿಗಳೇ, ನಿಜ ಹೇಳಿ. ಎಲ್ಲಿಂದ ಬರ್ತಿದ್ದೀರಿ?”

“ಮೀಟಿಂಗಿಂದ, ಭಾವ.”

“ನಿಮ್ಮ ಆಫೀಸಿಗೆ ಫೋನ್ ಮಾಡಿದ್ದೆ. ಅಲ್ಲಿ ಮೀಟಿಂಗ್ ಅನ್ನೋದು ನಡೆದು ವರ್ಷವಾಯ್ತಂತೆ. ನಡೆದಾಗಲೂ ನಿಮ್ಮನ್ನ ಕರೆದಿರಲಿಲ್ಲವಂತೆ.”

ಕಾರ್ಯದರ್ಶಿಗಳು ಗೋಡೆ ನೋಡಿದರು.

“ಆ ಕಡೆ ಯಾರಿದ್ದಾರ್ರೀ?” ಎಂದರು ಹೆಂಡತಿ. “ಒಂದೇ ಮಾತು ಹೇಳಿಬಿಡಿ. ಏನಾದ್ರೂ ಸರಿ, ನಿಜ ಆಗಿರಲಿ.”

ಇಲ್ಲಿ ದರ್ಜಿ ಕಥೆ ನಿಲ್ಲಿಸಿ ಹಣೆ ಚಚ್ಚಿಕೊಂಡ. ಕೇಳುತ್ತಿದ್ದವರಲ್ಲಿ ಕೆಲವರು, “ಹೇಳಿಬಿಡಯ್ಯಾ ಮಾರಾಯ!” ಎಂದು ಕೂಗಿದರು. ಆದರೆ ಮೇಲ್ಮನೆಯಾಕೆ ಬಾಗಿಲ ಬಳಿ ನಿಂತಿದ್ದರು. ಆಕೆಗೆ ಹೇಳಿದ್ದು ಬೆಳಗಾಗುವುದರೊಳಗೆ ಬೀದಿಗೆ ತಲುಪುತ್ತಿತ್ತು. ‘ನಿದ್ದೆಯನ್ನು ಆಳಿನಂತೆ ಆಳುವ ಕಾರ್ಯದರ್ಶಿಗಳನ್ನು ದಿನವೂ ನೆಲ ಒರೆಸುವ ಕೋಲಿನಿಂದ ತಿವಿದು ಎಬ್ಬಿಸಬೇಕಂತೆ’ ಎಂಬ ವಾಕ್ಯವನ್ನು ಹಾಲಿನವನ ಬಾಯಲ್ಲಿ ಕಲ್ಪಿಸಿಕೊಂಡ ಕಾರ್ಯದರ್ಶಿಗಳು, ಗಂಭೀರವಾಗಿ, “ಕಾಲವೇ ಉತ್ತರಿಸಲಿದೆ,” ಎಂದುಬಿಟ್ಟರು.

“ಕಾಲ ಬೇಡ, ನಾಳೆ ಸಾಕು,” ಎಂದರು ಹೆಂಡತಿ. ಒಳಗೆ ಹೋಗಿ ಬಟ್ಟೆಯ ಚೀಲ ತಂದು ಬಾಗಿಲ ಬಳಿ ಇಟ್ಟರು. “ನಾಳೆ ಸಂಜೆ ನೀವು ನೆಟ್ಟಗೆ ಮನೆಗೆ ಬಂದ್ರೆ ಸರಿ. ಆ ಕಡೆಯಿಂದ ಬಂದ್ರೆ ನಾನು ಅಣ್ಣನ ಜೊತೆ ಹೊರಟೆ. ಆಮೇಲೆ ಷೂ ಒರೆಸೋಳ ಹತ್ರಾನೇ ಇರಿ.”

ಕಾರ್ಯದರ್ಶಿಗಳು ಕೈಕಾಲು ತೊಳೆಯಲು ಹೋದ ಮೇಲೆ ಅಣ್ಣ ತಲೆ ಚಚ್ಚಿಕೊಂಡರು. “ಮುಂಚೆಯೇ ಎಚ್ಚರಿಕೆ ಕೊಟ್ರೆ ಆರೋಪಿ ಹುಷಾರಾಗ್ತಾನಲ್ಲೇ ತಂಗಿ! ಇರಲಿ. ನಾಳೆ ನಾವೇ ಹಿಂಬಾಲಿಸಿ ನೋಡೋಣ.”

ಮರುದಿನ ಸಂಜೆ ಕಾರ್ಯದರ್ಶಿಗಳ ಕಚೇರಿಯ ಬಳಿಯ ನಿಲ್ದಾಣಕ್ಕೆ ಮೂವರು ಹೋಗಿ, ಅವರು ಹತ್ತಿದ ಡಬ್ಬಿಗೇ ಇನ್ನೊಂದು ಬಾಗಿಲಿನಿಂದ ಹತ್ತಿದರು. ಸಾಕ್ಷಿಯಾಗಿ ಮೇಲ್ಮನೆಯಾಕೆ ಬಂದಿದ್ದರು. ಬರಬೇಡಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಮೂಲೆಯ ಸೀಟಿನಲ್ಲಿ ಒಂದೊಂದು ದಿನಪತ್ರಿಕೆಯನ್ನು ಮುಖಕ್ಕೆ ಹಿಡಿದು ಕೂತರು.

“ಯಾರೂ ರೆಪ್ಪೆ ಮಿಟುಕಿಸಬಾರದು,” ಎಂದು ಅಣ್ಣ ಅಪ್ಪಣೆ ಕೊಟ್ಟರು. “ಆತ ಎಲ್ಲಿ ಇಳೀತಾನೆ, ಯಾರು ಕರ್ಕೊಳ್ಳೋಕೆ ಬರ್ತಾರೆ, ಎಲ್ಲಾ ಕಣ್ಣಾರೆ ಕಾಣಬೇಕು.”

ತಂಪು ಗಾಳಿ ಬೀಸಿತು. ಬಾಗಿಲು ನಿಟ್ಟುಸಿರಿಟ್ಟಿತು. ಆ ಹೆಣ್ಣುದನಿ ಮೆಲ್ಲಗೆ ಒಂದು ನಿಲ್ದಾಣದ ಹೆಸರು ಹೇಳಿತು, ಇನ್ನೊಂದರ ಹೆಸರು ಹೇಳಿತು. ಮೊದಲು ಅಣ್ಣನ ಪತ್ರಿಕೆ ಬಾಗಿತು. ಕೋರ್ಟಿನಲ್ಲಿ ಇಡೀ ಆಯುಷ್ಯ ವಾದಗಳನ್ನು ಕೇಳಿದವರಿಗೆ ಕೂತಲ್ಲೇ ನಿದ್ರಿಸುವ ಅಭ್ಯಾಸವಿರುವುದು ಆಶ್ಚರ್ಯವಲ್ಲ. ಅನಂತರ ಮೇಲ್ಮನೆಯಾಕೆ, ಹೇಳುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು, ಬಹುಶಃ ಜೀವನದಲ್ಲಿ ಮೊದಲ ಬಾರಿಗೆ, ಒರಗಿದರು. ಹೆಂಡತಿ ನಿದ್ದೆಯನ್ನು ತಡೆದು ನೋಡಿದರು. ಆದರೆ ಅನುಮಾನ ಹತ್ತಿದಂದಿನಿಂದ ಅವರ ಕಣ್ಣಿಗೆ ಸರಿಯಾದ ನಿದ್ದೆಯಿರಲಿಲ್ಲ. ಅಣ್ಣನ ಭುಜ ಪಕ್ಕದಲ್ಲೇ ಇತ್ತು.

ಆ ಹೊತ್ತಿಗೆ ಕಾರ್ಯದರ್ಶಿಗಳು ಬಾಗಿಲ ಬಳಿ ನೆಟ್ಟಗೆ ನಿಂತಿದ್ದರು. ಮನೆಯ ಬಾಗಿಲಲ್ಲಿ ಹೆಂಡತಿ ಇಟ್ಟಿದ್ದ ಆ ಚೀಲ ಅವರ ಕಣ್ಣ ಮುಂದೆಯೇ ಇತ್ತು. ಭಯಕ್ಕಿಂತ ಗಟ್ಟಿಯಾದ ಅಲಾರಂ ಇನ್ನೂ ತಯಾರಾಗಿಲ್ಲ. ಅಂಗೈಗೆ ಉಗುರು ಒತ್ತಿ, ಬಾಗಿಲ ಮೇಲಿನ ದಾರಿಯ ನಕ್ಷೆಯಿಂದ ದೃಷ್ಟಿ ಕೀಳದೆ ನಿಂತಿದ್ದರು. ಹಿಂದೆ ಯಾರೋ ಗೊರಕೆ ಹೊಡೆಯುತ್ತಿದ್ದದ್ದು ಕೇಳಿಸಿತು. ‘ಯಾವನೋ ನಿಗ್ರಹವಿಲ್ಲದವನು,’ ಎಂದುಕೊಂಡರು, ಕೊಂಚ ಹೊಟ್ಟೆಕಿಚ್ಚಿನಿಂದಲೇ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ತಮ್ಮ ನಿಲ್ದಾಣ ಬಂದದ್ದೇ ಹಾರಿ ಇಳಿದರು. ಬಾಗಿಲು ಮುಚ್ಚಿತು. ತನಿಖಾ ಮಂಡಲಿಯನ್ನು ಹೊತ್ತ ಗಾಡಿ ಸದ್ದಿಲ್ಲದೆ ಮುಂದೆ ಸಾಗಿತು.

“ಯಾರ್ರೀ ನೀವೆಲ್ಲಾ? ಏಳಿ, ಕಾಲೆತ್ತಿ!”

ಹೆಂಡತಿ ಕಣ್ಣು ತೆರೆದಾಗ ನೆಲ ಒರೆಸುವ ಕೋಲು ಹಿಡಿದ ಹೆಂಗಸು ಎದುರಿಗಿದ್ದಳು. ಡಬ್ಬಿಯೆಲ್ಲ ನಿಂಬೆಯ ಪರಿಮಳ.

“ದಿನಾ ಒಬ್ಬರಿದ್ದರು, ಈವತ್ತು ಮೂರು ಜನ!” ಎಂದು ಆಕೆ ಗೊಣಗಿದಳು. “ಆ ಯಜಮಾನ್ರು ಎಲ್ಲಿ? ಕೋಲಲ್ಲಿ ತಿವಿದ್ರೂ ‘ಬಿಡಮ್ಮಾ, ಇನ್ನೊಂದು ಗಳಿಗೆ’ ಅಂತಾರೆ. ಕಾಲು ಎತ್ತಿ ಅಂದ್ರೆ ಎತ್ತಲ್ಲ. ಅವರ ಷೂ ಸಮೇತ ಒರೆಸಿ ಒರೆಸಿ ನನ್ನ ಸೊಂಟ ಬಿದ್ದುಹೋಯ್ತು. ಅವರ ಮನೇವ್ರು ಸಿಕ್ಕಿದ್ರೆ ಕೇಳಬೇಕು ಅಂತಿದ್ದೆ, ಮನೇಲಿ ಹಾಸಿಗೆ ಇಲ್ವಾ ಅಂತ.”

ಹೆಂಡತಿ ಅಣ್ಣನ ಮುಖ ನೋಡಿದರು. ಅಣ್ಣ ಮೇಲ್ಮನೆಯಾಕೆಯ ಮುಖ ನೋಡಿದರು. ಮೇಲ್ಮನೆಯಾಕೆ ದಿನಪತ್ರಿಕೆ ನೋಡಿದರು, ಅದು ತಲೆಕೆಳಗಾಗಿತ್ತು.

“ನಿದ್ದೆ!” ಎಂದರು ಹೆಂಡತಿ. “ಬರೀ ನಿದ್ದೆ!” ಅವರಿಗೆ ನಗು ಬಂದಿತೋ ಅಳು ಬಂದಿತೋ ಎಂಬಲ್ಲಿ ಪಾಠಾಂತರವಿದೆ. ಸಿಟ್ಟು ಬಂದದ್ದು ಎರಡರಲ್ಲೂ ಇದೆ. “ಇನ್ನೊಬ್ಬಳಿದ್ದಿದ್ರೆ ನಾಲ್ಕು ಜನರ ಹತ್ರ ಹೇಳಿಕೊಂಡು ಅಳಬಹುದಿತ್ತು. ಇದನ್ನ ಯಾವ ಬಾಯಲ್ಲಿ ಹೇಳ್ಲಿ ಅಣ್ಣಾ?”

ಇತ್ತ ಕಾರ್ಯದರ್ಶಿಗಳು, ಗೆದ್ದ ಸೇನಾಪತಿಯ ನಡಿಗೆಯಲ್ಲಿ ಮನೆಗೆ ಬಂದು ನೋಡಿದರೆ ಬಾಗಿಲಿಗೆ ಬೀಗ. ಕಿಟಕಿಯಿಂದ ಇಣುಕಿದರು, ಚೀಲ ಬಾಗಿಲ ಬಳಿಯೇ ಇತ್ತು. ಜೀವ ಮರಳಿ ಬಂದಿತು. ಮೆಟ್ಟಿಲ ಮೇಲೆ ಕೂತರು. ಮೇಲ್ಮನೆಯಾಕೆಯ ಗಂಡ ಬಾಲ್ಕನಿಯಿಂದ ಬಗ್ಗಿ, “ನನ್ನವಳೂ ಇಲ್ಲ ಸಾರ್. ಮನೆ ಎಷ್ಟು ಪ್ರಶಾಂತವಾಗಿದೆ ಅಂತೀರಿ!” ಎಂದ.

ಬಹಳ ಹೊತ್ತಿನ ಮೇಲೆ ಮೇಲ್ಸೇತುವೆಯ ಆ ಕಡೆಯಿಂದ ಮೂರು ಆಕೃತಿಗಳು ಒಂದರ ಹಿಂದೊಂದು ಇಳಿದು ಬಂದವು.

“ಎಲ್ಲಿಗೆ ಹೋಗಿದ್ರಿ ಎಲ್ಲರೂ?” ಎಂದರು ಕಾರ್ಯದರ್ಶಿಗಳು ಎದ್ದು ನಿಂತು.

“ಅಂಗಡಿಗೆ,” ಎಂದರು ಹೆಂಡತಿ.

“ಆಸ್ಪತ್ರೆಗೆ,” ಎಂದರು ಮೇಲ್ಮನೆಯಾಕೆ.

“ಒಂದು ಹಳೇ ಕೇಸಿನ ವಿಷಯವಾಗಿ,” ಎಂದರು ಅಣ್ಣ.

ಮೂರು ಉತ್ತರಗಳೂ ಒಂದೇ ಉಸಿರಿನಲ್ಲಿ ಹೊರಟು ಮೆಟ್ಟಿಲ ಮುಂದೆ ಡಿಕ್ಕಿ ಹೊಡೆದವು. ಕಾರ್ಯದರ್ಶಿಗಳು ದೀಪದ ಬೆಳಕಿನಲ್ಲಿ ಒಬ್ಬೊಬ್ಬರನ್ನೇ ನೋಡಿದರು. ಇಂಥ ವಿಷಯದಲ್ಲಿ ಅವರಿಗಿಂತ ದೊಡ್ಡ ಪಂಡಿತರು ಊರಿನಲ್ಲಿರಲಿಲ್ಲ.

“ಭಾವ,” ಎಂದರು ಮೆಲ್ಲಗೆ, “ಕೆನ್ನೆ ಮೇಲೆ ಸೀಟಿನ ಕಂಬಿಯ ಅಚ್ಚು ಬಿದ್ದಿದೆ.”

ಅಣ್ಣ ಕೆನ್ನೆ ಮುಚ್ಚಿಕೊಂಡರು.

“ನಿದ್ದೆ ಬಂತು ಅಂತ ಒಂದು ಮಾತು ಹೇಳೋಕೆ ಏನಾಗಿತ್ರೀ ನಿಮಗೆ?” ಎಂದು ಹೆಂಡತಿ ಸಿಡಿದರು. “ಇಷ್ಟು ದಿನ ನನ್ನ ಹೊಟ್ಟೆ ಉರಿಸಿದ್ರಲ್ಲ, ಒಂದೇ ಒಂದು ಮಾತು!”

“ಕೇಳಿದೆನಲ್ಲ ಈಗ. ನೀನು ಹೇಳಿದ್ಯಾ?”

ಹೆಂಡತಿ ಸೆರಗಿನ ತುದಿಯ ಬೀಗದಕೈ ಬಿಚ್ಚಿ ಬಾಗಿಲು ತೆರೆದರು. ಒಳಗೆ ಕಾಲಿಡುತ್ತ, ಹಿಂದಿರುಗಿ ನೋಡದೆ, “ಆ ಚೀಲ ಎತ್ತಿ ಕಪಾಟಿನ ಮೇಲಿಡಿ. ದಾರಿಗಡ್ಡ,” ಎಂದರು. ಕಾರ್ಯದರ್ಶಿಗಳು ಎತ್ತಿಟ್ಟರು. ಅಣ್ಣ ಎತ್ತರದ ಕುರ್ಚಿಯ ಕಡೆಗೆ ಹೋಗದೆ ನೆಲದ ಮೇಲೆ ಗೋಡೆಗೊರಗಿ ಕೂತರು. ಮೇಲ್ಮನೆಯಾಕೆ ಮಾತಿಲ್ಲದೆ ಮೆಟ್ಟಿಲು ಹತ್ತಿದರು. ಮರುದಿನ ಬೀದಿಯಲ್ಲಿ ಈ ಬಗ್ಗೆ ಒಂದೇ ಒಂದು ಸುದ್ದಿ ಹಬ್ಬಲಿಲ್ಲ. ಆ ಬೀದಿಯ ಚರಿತ್ರೆಯಲ್ಲಿ ಅದೊಂದು ದಾಖಲೆ.

ದರ್ಜಿ ಇಲ್ಲಿಗೆ ಮಾತು ಮುಗಿಸಿ ಕತ್ತು ಒರೆಸಿಕೊಂಡ.

“ಹಂಗಾದ್ರೆ ನಿಂಗೆ ಹೇಗೆ ಗೊತ್ತಾಯ್ತು?” ಎಂದು ತರಕಾರಿ ಬುಟ್ಟಿಯ ಹೆಂಗಸು ಕೇಳಿದಳು.

“ಕಾರ್ಯದರ್ಶಿಗಳೂ ಸೇರಿ ನಾಲ್ಕೂ ಜನ ಬೇರೆ ಬೇರೆಯಾಗಿ ಅಂಗಡಿಗೆ ಬಂದು, ‘ಯಾರಿಗೂ ಹೇಳಬೇಡ’ ಅಂತ ಹೇಳಿ ಹೋದ್ರು.”

ಅಷ್ಟರಲ್ಲಿ, ಕೆಟ್ಟು ನಿಂತ ಗಾಡಿ ಈವತ್ತು ಬರುವುದಿಲ್ಲವೆಂದು ಪೋರ್ಟರು ಕೂಗಿ ಹೇಳಿದ. ಶಾಪ ಹಾಕುತ್ತ, ಚೀಲಗಳನ್ನು ಹೆಗಲಿಗೇರಿಸುತ್ತ ಎಲ್ಲರೂ ಎದ್ದರು. ಬೆಂಚಿನ ತುದಿ ಹಿಡಿದಿದ್ದವನೊಬ್ಬ ಮಾತ್ರ ಏಳಲಿಲ್ಲ. ಬುಟ್ಟಿಯ ಹೆಂಗಸು ಅವನ ಭುಜ ಹಿಡಿದು ಅಲ್ಲಾಡಿಸಿದಳು. “ನಿದ್ದೆ ಎಲ್ಲಿ ಬಂದಿತ್ತು? ಕಣ್ಣು ಮುಚ್ಚಿ ಕೇಳ್ತಾ ಇದ್ದೆ,” ಎಂದು ಅವನು ರೇಗಿದ. ಯಾರೂ ಅವನೊಡನೆ ವಾದಿಸಲಿಲ್ಲ. ಹಳಿಯ ಪಕ್ಕದ ದಾರಿ ಹಿಡಿದು ಒಬ್ಬೊಬ್ಬರಾಗಿ ಮನೆಗೆ ನಡೆದರು.